ಯುದ್ಧಕ್ಕೆ ಹೋದ ಹಿರಿಯರ ಉಯಿಲು, ಕಾಗದಗಳನ್ನು ಹುಡುಕುವುದು ಹೇಗೆ?

ಪ್ರಶ್ನೆ: ನನ್ನ ಅಜ್ಜಿಯ ತಂದೆ ಬೆಂಗಳೂರು ದಂಡಿನಲ್ಲಿದ್ದ ಬ್ರಿಟಿಷ್ ಸಿಪಾಯಿ. ಇಲ್ಲಿಯೇ ಮದುವೆಯಾಗಿ, ಮೊದಲ ಮಹಾಯುದ್ಧಕ್ಕೆಂದು ಫ್ರಾನ್ಸಿಗೆ ಹೋದವರು 1916ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮಲ್ಲಿ ಉಳಿದಿರುವುದು ಒಂದು ಪದಕ ಮಾತ್ರ. ಅಂಥವರ ಉಯಿಲುಗಳು ಈಗ ನೋಡಲು ಸಿಗುತ್ತವೆ ಎಂದು ಕೇಳಿದ್ದೇನೆ. ಎಲ್ಲಿಂದ ಆರಂಭಿಸಲಿ?
— ಓದುಗರು, ಬೆಂಗಳೂರು

ಉತ್ತರ: ಪದಕದಿಂದಲೇ ಆರಂಭಿಸಿ. ಅದನ್ನು ಉಜ್ಜಿ ಹೊಳಪು ಕೊಡಲು ಹೋಗದೆ, ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಆ ಕಾಲದ ಬಹುತೇಕ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು ಮತ್ತು ರೆಜಿಮೆಂಟನ್ನು ಒತ್ತಿರುತ್ತಾರೆ. ಇಡೀ ಸೈನ್ಯಕ್ಕೆ ಒಂದೇ ಸರಣಿಯ ಸಂಖ್ಯೆ ಬಂದದ್ದು 1920ರಲ್ಲಿ. ಅದಕ್ಕೆ ಮೊದಲು ಪ್ರತಿ ರೆಜಿಮೆಂಟೂ ತನ್ನದೇ ಸಂಖ್ಯೆ ಕೊಡುತ್ತಿದ್ದುದರಿಂದ, ಒಂದೇ ಸಂಖ್ಯೆಯ ಹಲವು ಸೈನಿಕರು ಬೇರೆ ಬೇರೆ ಪಡೆಗಳಲ್ಲಿ ಇದ್ದರು. ಆದ್ದರಿಂದ ಸಂಖ್ಯೆಯನ್ನೂ ರೆಜಿಮೆಂಟನ್ನೂ ಜೊತೆಯಾಗಿಯೇ ಗುರುತು ಹಾಕಿಕೊಳ್ಳಬೇಕು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರೊಬೇಟ್ ಇಲಾಖೆಯು (ಉಯಿಲುಗಳನ್ನು ಪರಿಶೀಲಿಸಿ ಮಾನ್ಯ ಮಾಡುವ ಕಚೇರಿ) 1850ರಿಂದ 1986ರವರೆಗೆ ಸೇವೆಯಲ್ಲಿದ್ದಾಗಲೇ ಸತ್ತ ಸೈನಿಕರ ಉಯಿಲುಗಳನ್ನು ಇಟ್ಟುಕೊಂಡಿದೆ. ಸರ್ಕಾರಿ ಜಾಲತಾಣದಲ್ಲಿ ಹೆಸರು ಮತ್ತು ಸತ್ತ ವರ್ಷ ಕೊಟ್ಟು ಹುಡುಕಿ, ಶುಲ್ಕ ಕಟ್ಟಿದರೆ ಪ್ರತಿ ಸಿಗುತ್ತದೆ. ನಿಮ್ಮವರು ಸ್ಕಾಟ್ಲೆಂಡಿನವರಾಗಿದ್ದರೆ ಎಡಿನ್‌ಬರೊದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿ, ಐರ್ಲೆಂಡಿನವರಾಗಿದ್ದರೆ ಡಬ್ಲಿನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ನೋಡಬೇಕು. ಈ ಉಯಿಲುಗಳಿಗೆ ಇಷ್ಟು ಬೆಲೆ ಬರಲು ಇನ್ನೊಂದು ಕಾರಣವಿದೆ: 1940ರ ಸೆಪ್ಟೆಂಬರಿನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿನಿಂದ ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಹಾಗಾಗಿ ಎಷ್ಟೋ ಸೈನಿಕರ ವಿಷಯದಲ್ಲಿ ಅವರ ಕೈಬರಹ ಉಳಿದಿರುವುದು ಈ ಒಂದು ಹಾಳೆಯಲ್ಲಿ ಮಾತ್ರ.

ಆದರೆ ದೊಡ್ಡ ಆಸ್ತಿಪತ್ರವನ್ನು ನಿರೀಕ್ಷಿಸಬೇಡಿ. ಸಿಪಾಯಿಯ ಜೇಬಿನಲ್ಲಿರುತ್ತಿದ್ದ ಸಂಬಳದ ಪುಸ್ತಕದ ಪುಟವೊಂದರಲ್ಲಿ, ‘ನಾನು ಸತ್ತರೆ ನನ್ನದೆಲ್ಲವೂ ಇಂಥವರಿಗೆ’ ಎಂಬರ್ಥದ ಎರಡು ಸಾಲು, ಒಂದು ಹೆಸರು, ಒಂದು ವಿಳಾಸ, ರುಜು, ತಾರೀಕು, ಸಾಮಾನ್ಯವಾಗಿ ಇಷ್ಟೇ. ಯುದ್ಧಭೂಮಿಯಲ್ಲಿದ್ದವನ ಉಯಿಲಿಗೆ ಸಾಕ್ಷಿಗಳ ರುಜು ಬೇಕಿಲ್ಲವೆಂದು ಕಾನೂನೇ ವಿನಾಯಿತಿ ಕೊಟ್ಟಿತ್ತು. ಆಸ್ತಿಯ ವಿವರಕ್ಕಿಂತ ಆತ ಯಾರ ಹೆಸರು ಬರೆದ, ಯಾವ ವಿಳಾಸ ಕೊಟ್ಟ ಎಂಬುದೇ ನಿಮಗೆ ಬೇಕಾದ ಸಂಗತಿ. ಬೆಂಗಳೂರಿನ ಹೆಂಡತಿಯ ಬದಲು ಊರಿನಲ್ಲಿದ್ದ ತಾಯಿಯ ಹೆಸರಿದ್ದರೆ ಮನಸ್ಸಿಗೆ ಕಸಿವಿಸಿಯಾಗಬಹುದು. ಆಗ ತಾರೀಕು ನೋಡಿ. ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದೊಡನೆ ಹಳೆಯ ಉಯಿಲು ರದ್ದಾಗುತ್ತದೆ. ಮದುವೆಗೆ ಮೊದಲು ಬರೆದ ಪುಟ ಹಾಗೆಯೇ ಉಳಿದುಕೊಂಡಿರುವ ಸಾಧ್ಯತೆ ಇದ್ದೇ ಇದೆ.

ಉಯಿಲು ಸಿಗದಿದ್ದರೆ ‘ಸೋಲ್ಜರ್ಸ್ ಎಫೆಕ್ಟ್ಸ್’ ಎಂಬ ರಿಜಿಸ್ಟರನ್ನು ನೋಡಿ. 1901ರಿಂದ 1929ರವರೆಗಿನ ಈ ಪುಸ್ತಕಗಳ ಒಡೆತನ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನದು. ಸತ್ತವನ ಬಾಕಿ ಸಂಬಳ ಮತ್ತು ಯುದ್ಧದ ಗ್ರಾಚುಟಿ ಯಾರ ಕೈಗೆ ಹೋಯಿತೆಂದು ಅದರಲ್ಲಿ ಬರೆದಿರುತ್ತದೆ. ಇನ್ನು ಬೆಂಗಳೂರಿನ ಮದುವೆ, ಮಕ್ಕಳ ದೀಕ್ಷಾಸ್ನಾನಗಳ ಚರ್ಚ್ ದಾಖಲೆಯ ಪ್ರತಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ, ಮದರಾಸು ವಿಭಾಗದ ಅಡಿಯಲ್ಲಿ ಸಿಗುತ್ತವೆ.

ಪ್ರಶ್ನೆ: ನನ್ನ ಅಜ್ಜನ ಅಣ್ಣ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು. ಈಜಿಪ್ಟಿಗೆ ಹೋದವರು ಮರಳಲಿಲ್ಲ. ನೇರಳೆ ಪೆನ್ಸಿಲಿನಲ್ಲಿ ಉರ್ದು ಲಿಪಿಯಲ್ಲಿ ಬರೆದ ಅವರ ಎರಡು ಕಾಗದಗಳು ಪೆಟ್ಟಿಗೆಯಲ್ಲಿವೆ. ಅವರೂ ಉಯಿಲು ಬರೆದಿರಬಹುದೇ? ಸೆನ್ಸಾರ್ ಆದ ಭಾರತೀಯ ಸೈನಿಕರ ಪತ್ರಗಳಲ್ಲಿ ಅವರದೂ ಇರಬಹುದೇ?
— ಓದುಗರು, ಮೈಸೂರು

ಉತ್ತರ: ಎರಡಕ್ಕೂ ‘ಇರಲಾರದು’ ಎಂದೇ ಹೇಳಬೇಕಾಗಿದೆ. ಆದರೆ ಏಕಿಲ್ಲ ಎಂಬುದನ್ನು ತಿಳಿದರೆ ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ.

ಮೊದಲು ಉಯಿಲಿನ ಮಾತು. ಸೈನಿಕರಿಗೆ ಸಾಕ್ಷಿಯಿಲ್ಲದ ಉಯಿಲಿನ ಸವಲತ್ತು ಭಾರತದ ಕಾನೂನಿನಲ್ಲಿಯೂ ಇತ್ತು. 1865ರ ಉತ್ತರಾಧಿಕಾರ ಕಾಯ್ದೆಯಲ್ಲಿ ಬಂದದ್ದು 1925ರ ಕಾಯ್ದೆಯ 65 ಮತ್ತು 66ನೇ ಕಲಮುಗಳಲ್ಲಿ ಮುಂದುವರಿಯಿತು. ಆದರೆ ಅದು ಹಿಂದೂಗಳಿಗಾಗಲಿ ಮುಸ್ಲಿಮರಿಗಾಗಲಿ ಅನ್ವಯಿಸುತ್ತಿರಲಿಲ್ಲ. ಮೇಲಾಗಿ ಮಿತಾಕ್ಷರ ಎಂಬ ಹಿಂದೂ ಉತ್ತರಾಧಿಕಾರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಒಬ್ಬನ ಪಾಲು ಅವನು ಸತ್ತೊಡನೆ ಉಳಿದ ದಾಯಾದಿಗಳಿಗೆ ತಾನಾಗಿಯೇ ಸಲ್ಲುತ್ತಿದ್ದುದರಿಂದ, ಅದನ್ನು ಉಯಿಲಿನಲ್ಲಿ ಬರೆದುಕೊಡಲು ಅವನಿಗೆ ಅಧಿಕಾರವೇ ಇರಲಿಲ್ಲ. ಮುಸ್ಲಿಂ ಕುಟುಂಬವಾಗಿದ್ದರೆ ಬಾಯಿಮಾತಿನ ಉಯಿಲೂ ಊರ್ಜಿತವೇ. ಆದರೆ ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗ ಮೀರುವಂತಿಲ್ಲ, ಕಾಗದವೂ ಉಳಿಯುವುದಿಲ್ಲ. ಹಾಗಾಗಿ ನೀವು ಹುಡುಕಬೇಕಾದದ್ದು ಉಯಿಲನ್ನಲ್ಲ, ವಾರಸುದಾರರ ಹೆಸರನ್ನು: ಕುಟುಂಬ ಪಿಂಚಣಿ ಯಾರಿಗೆ ಹೋಯಿತು, ಬಾಕಿ ಸಂಬಳ ಯಾರು ಪಡೆದರು, ಜಮೀನಿದ್ದರೆ ಖಾತೆ ಯಾರ ಹೆಸರಿಗೆ ಬದಲಾಯಿತು ಎಂಬುದನ್ನು.

ಈ ಹುಡುಕಾಟಕ್ಕೆ ಲಂಡನ್ನಿಗಿಂತ ನಿಮಗೆ ಬೆಂಗಳೂರು ಹತ್ತಿರ. ಮೈಸೂರು ಲ್ಯಾನ್ಸರ್ಸ್ ‘ಇಂಪೀರಿಯಲ್ ಸರ್ವಿಸ್’ ಪಡೆ. ಅಂದರೆ ಸಂಸ್ಥಾನವೇ ಸಾಕಿ, ಯುದ್ಧಕಾಲದಲ್ಲಿ ಬ್ರಿಟಿಷರ ಜೊತೆಗೆ ಕಳುಹಿಸುತ್ತಿದ್ದ ಸೈನ್ಯ. 1914ರಲ್ಲಿ ಈಜಿಪ್ಟಿಗೆ ಹೋದ ಆ ಪಡೆಯು ಸೂಯೆಜ್ ಕಾಲುವೆಯ ಕಾವಲಿನಿಂದ ಹಿಡಿದು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಹಿಡಿಯುವವರೆಗೂ ದುಡಿಯಿತು. ಸಂಸ್ಥಾನದ ಪಡೆಯಾದ್ದರಿಂದ ಅದರ ಕಡತಗಳನ್ನು ಮೊದಲು ಸಂಸ್ಥಾನದ ಕಡತಗಳಲ್ಲಿಯೇ, ಅಂದರೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಬೇಕು. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ ಪಟಲ’ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಉಚಿತವಾಗಿ ತೆರೆದಿದೆ. ಅಲ್ಲಿ ಕೆಲವು ಹೆಸರುಗಳ ಮುಂದೆ ತಂದೆಯ ಹೆಸರು, ಊರು, ತಾಲ್ಲೂಕುಗಳೂ ಇರುತ್ತವೆ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನಲ್ಲಿ ಮಡಿದ, ಸಮಾಧಿ ಗುರುತಿಲ್ಲದ ಭಾರತೀಯರನ್ನು ಹೀಲಿಯೊಪೊಲಿಸ್ (ಪೋರ್ಟ್ ತೌಫೀಕ್) ಸ್ಮಾರಕದ ಪಟ್ಟಿಯಲ್ಲಿ ನೋಡಿ. ಬಹಳ ಜನ ಎಡವುವುದು ಇಲ್ಲಿಯೇ: ನರಸಿಂಗರಾಯ ಅಥವಾ ನರಸಿಂಗರಾವ್ ಎಂಬ ಹೆಸರನ್ನು ಆಗಿನ ಗುಮಾಸ್ತರು ‘ನರ್ಸಿಂಗ್ ರೋ’ ಎಂದು ಬರೆಯುವುದಿತ್ತು. ಊರುಗಳೂ ಹಾಗೆಯೇ. ಕ್ಲೋಸ್‌ಪೇಟೆ ಎಂದಿದ್ದರೆ ಅದು ರಾಮನಗರ, ಫ್ರೆಂಚ್ ರಾಕ್ಸ್ ಎಂದಿದ್ದರೆ ಪಾಂಡವಪುರ. ಹೆಸರಿನ ಹತ್ತು ರೂಪಗಳನ್ನು ಬರೆದಿಟ್ಟುಕೊಂಡು, ಒಂದೊಂದನ್ನೂ ಪ್ರಯತ್ನಿಸುವ ತಾಳ್ಮೆ ಬೇಕು.

ಸೆನ್ಸಾರ್ ಆದ ಪತ್ರಗಳ ವಿಷಯ ಬೇರೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ಆ ಪ್ರಸಿದ್ಧ ಸಂಗ್ರಹ ಫ್ರಾನ್ಸಿನಲ್ಲಿದ್ದ ಭಾರತೀಯ ಪಡೆಗಳ ಅಂಚೆಯದು. ಅಲ್ಲಿ ಇ. ಬಿ. ಹೊವೆಲ್ ಎಂಬ ಅಧಿಕಾರಿಯ ಕೈಕೆಳಗೆ ಪತ್ರಗಳನ್ನು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿ ಮಾಡುತ್ತಿದ್ದರು. ಈಗ ಉಳಿದಿರುವುದು ಆ ಅನುವಾದಗಳೇ ಹೊರತು ಮೂಲ ಕಾಗದಗಳಲ್ಲ. ಬರೆದವರಲ್ಲಿ ಪಂಜಾಬ್ ಮತ್ತು ವಾಯವ್ಯದ ಕಡೆಯವರೇ ಹೆಚ್ಚು. ಅವರಲ್ಲಿ ಅನೇಕರು ಅಕ್ಷರ ಬಲ್ಲ ಜೊತೆಗಾರರಿಂದ ಬರೆಸುತ್ತಿದ್ದರು. ಸೆನ್ಸಾರಿನ ಕಣ್ಣು ತಪ್ಪಿಸಲು ಭಾರತೀಯ ಸೈನಿಕರನ್ನು ‘ಕರಿಮೆಣಸು’ ಎಂದೂ ಬ್ರಿಟಿಷರನ್ನು ‘ಕೆಂಪು ಮೆಣಸು’ ಎಂದೂ ಸೂಚಿಸಿದವರಿದ್ದರು. ಆ ಕಾಲದ ಸಿಪಾಯಿಯ ಮನಸ್ಸು ತಿಳಿಯಲು ಅದನ್ನು ಓದಬಹುದು. ಈಜಿಪ್ಟಿನಲ್ಲಿದ್ದ ನಿಮ್ಮ ದೊಡ್ಡಜ್ಜನ ಪತ್ರ ಅಲ್ಲಿ ಸಿಗುತ್ತದೆಂಬ ಆಸೆ ಬೇಡ.

ನಿಮ್ಮ ಪೆಟ್ಟಿಗೆಯಲ್ಲಿರುವುದು ಮೂಲ ಕಾಗದ. ಆ ಸಂಗ್ರಹದಲ್ಲೂ ಇಲ್ಲದ ವಸ್ತು ಅದು. ಉರ್ದು ಸೈನ್ಯದ ವ್ಯವಹಾರ ಭಾಷೆಯಾಗಿದ್ದುದರಿಂದ, ಕಾಗದ ಉರ್ದುವಿನಲ್ಲಿದೆ ಎಂದ ಮಾತ್ರಕ್ಕೆ ಅಕ್ಷರ ಅವರದೇ ಎಂದು ತೀರ್ಮಾನಿಸಬೇಡಿ. ಎರಡೂ ಕಾಗದಗಳ ಕೈಬರಹ ಒಂದೇ ಇದೆಯೇ ಎಂದು ಹೋಲಿಸಿ ನೋಡಿ. ಅಕ್ಷರಗಳನ್ನು ಕೂಡಿಸಿ ವೇಗವಾಗಿ ಬರೆಯುವ ಹಳೆಯ ಶಿಕಸ್ತ ಬರವಣಿಗೆಯಾಗಿದ್ದರೆ ಇಂದಿನ ಉರ್ದು ಬಲ್ಲವರಿಗೂ ತೊಡಕಾದೀತು; ವಯಸ್ಸಾದ ಉರ್ದು ಮೇಷ್ಟರೊಬ್ಬರನ್ನು ಹುಡುಕಿ. ಲಕೋಟೆ ಇದ್ದರೆ ಎಸೆಯಬೇಡಿ, ಅಂಚೆಚೀಟಿ ಕೀಳಬೇಡಿ. ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆಯಲ್ಲಿರುವ ಸಂಖ್ಯೆ ಮತ್ತು ತಾರೀಕಿನಿಂದ, ಆ ದಿನ ಪಡೆ ಸುಮಾರು ಎಲ್ಲಿತ್ತೆಂದು ಲೆಕ್ಕ ಹಾಕಬಹುದು. ಆ ಅಂಚೆ ಕಚೇರಿಗಳು ಪಡೆಯೊಡನೆ ಜಾಗ ಬದಲಿಸುತ್ತಿದ್ದವು, ಆದ್ದರಿಂದ ಸಂಖ್ಯೆಯೊಂದೇ ಸಾಲದು.

ಕೊನೆಗೆ ಆ ನೇರಳೆ ಬಣ್ಣದ ವಿಷಯ. ಅದು ಹೆಚ್ಚಾಗಿ ಕಾಪಿಯಿಂಗ್ ಪೆನ್ಸಿಲ್. ತೇವ ತಗುಲಿದರೆ ಶಾಯಿಯಂತೆ ಹರಡಿಬಿಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಟೇಪ್ ಅಂಟಿಸಬೇಡಿ. ಎರಡೂ ಮಗ್ಗುಲನ್ನು ಓರೆ ಬೆಳಕಿನಲ್ಲಿ ಫೋಟೊ ತೆಗೆದು, ಆ ಫೋಟೊವನ್ನಷ್ಟೇ ಓದುವವರಿಗೆ ಕೊಡಿ. ಮೂಲ ಕಾಗದ ಪೆಟ್ಟಿಗೆಯಲ್ಲಿಯೇ ಇರಲಿ.