ರೊಟ್ಟಿ ಊಟದ ಬೋರ್ಡು ನಿಂತದ್ದು ಯಾರ ಜಾಗದಲ್ಲಿ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಖಾನಾವಳಿ ನಡೆಸುವ ಅಕ್ಕ ಒಬ್ಬರು ಪತ್ರ ಬರೆದಿದ್ದಾರೆ. ಅವರ ಖಾನಾವಳಿ ಒಳರಸ್ತೆಯಲ್ಲಿದೆ, ಮೇನ್ ರೋಡಿಗೆ ಕಾಣುವುದಿಲ್ಲ. ಹಾಗಾಗಿ ‘ಬಿಸಿ ರೊಟ್ಟಿ ಊಟ ತಯಾರಿದೆ’ ಎಂದು ಬರೆಸಿ, ಬಾಣದ ಗುರುತು ಹಾಕಿಸಿದ ಸ್ಟ್ಯಾಂಡ್ ಬೋರ್ಡೊಂದನ್ನು ದಿನಾ ಬೆಳಿಗ್ಗೆ ತಿರುವಿನ ಫುಟ್‌ಪಾತಿನ ಮೇಲೆ ಇಡುತ್ತಿದ್ದರು. ರಾತ್ರಿ ಒಳಗೆ ತರುತ್ತಿದ್ದರು. ಒಂದು ದಿನ ಪಾಲಿಕೆಯ ಗಾಡಿ ಬಂತು, ಬೋರ್ಡು ಹೋಯಿತು. ‘ನನ್ನ ಹತ್ತಿರ ಲೈಸೆನ್ಸ್ ಇದೆ. ಬೋರ್ಡು ನೆಲಕ್ಕೆ ಹುಗಿದದ್ದೂ ಅಲ್ಲ. ನೋಟಿಸ್ ಕೊಡದೆ ಹೇಗೆ ಒಯ್ದರು? ಅಲ್ಲೇ ಹುಟ್ಟುಹಬ್ಬದ ದೊಡ್ಡ ಫ್ಲೆಕ್ಸುಗಳು ವಾರಗಟ್ಟಲೆ ನಿಂತಿರುತ್ತವಲ್ಲ?’ ಎಂದು ಕೇಳಿದ್ದಾರೆ. ಗದಗಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತಮ್ಮನಿಗೂ ಇದೇ ನಿಯಮವೇ ಎಂಬುದು ಅವರ ಕೊನೆಯ ಪ್ರಶ್ನೆ.

ಅಕ್ಕಾರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಲೈಸೆನ್ಸಿನ ಮಾತು ಇಲ್ಲಿ ನಿಮ್ಮ ಕೈ ಹಿಡಿಯುವುದಿಲ್ಲ. ನಿಮ್ಮ ಹತ್ತಿರ ಇರುವುದು ವ್ಯಾಪಾರದ ಪರವಾನಗಿ. ಅದು ನಾಲ್ಕು ಗೋಡೆಯ ಒಳಗೆ ಅಡುಗೆ ಮಾಡಿ ಬಡಿಸಲು ಕೊಟ್ಟದ್ದು. ಬೋರ್ಡಿನದು ಬೇರೆ ದಾರಿ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 135ನೇ ಕಲಂ ಪ್ರಕಾರ, ಜಾಹೀರಾತು ಹಾಕಲು ಪಾಲಿಕೆ ಆಯುಕ್ತರ ಲಿಖಿತ ಅನುಮತಿ ಬೇಕು. ಬಾಯಿಮಾತಿನಲ್ಲಿ ‘ಇಟ್ಕೊಳ್ರಿ’ ಅಂದದ್ದು ಲೆಕ್ಕಕ್ಕಿಲ್ಲ, ಹೇಳಿದವರು ಯಾರೇ ಇರಲಿ.

‘ಹುಗಿದದ್ದಲ್ಲ, ಎತ್ತಿಡುವ ಬೋರ್ಡು’ ಎಂಬ ವಾದವನ್ನು ನಮ್ಮ ಕಡೆಯ ಬಹಳ ಅಂಗಡಿಯವರು ಹೇಳುತ್ತಾರೆ. ಕೊಪ್ಪಿಕರ ರಸ್ತೆಯಲ್ಲೂ ಕೇಳಬಹುದು, ದುರ್ಗದಬೈಲಿನಲ್ಲೂ ಕೇಳಬಹುದು. ಕಾಯ್ದೆ ಬರೆದವರಿಗೆ ಇದು ಮೊದಲೇ ಹೊಳೆದಿತ್ತು ಅನ್ನಿಸುತ್ತದೆ. ಜಾಹೀರಾತು ತೆರಿಗೆಯ 134ನೇ ಕಲಮಿನಲ್ಲಿ, ಗಾಲಿ ಮೇಲೆ ಸರಿಸುವ ಬೋರ್ಡೂ ಲೆಕ್ಕಕ್ಕೆ ಬರುತ್ತದೆ ಎಂದು ವಿವರಣೆ ಕೊಟ್ಟಿದ್ದಾರೆ. ಎತ್ತಿಡಲು ಬರುತ್ತದೆ ಅನ್ನುವುದರಿಂದ ವಿನಾಯಿತಿಯೇನೂ ಸಿಗುವುದಿಲ್ಲ.

ನೋಟಿಸಿನ ವಿಷಯ ಕೇಳಿ. ರಸ್ತೆ, ಫುಟ್‌ಪಾತಿನ ಮೇಲೆ ಇಟ್ಟ ಹಲಗೆ, ಪೆಟ್ಟಿಗೆ, ಬೆಂಚು, ಏಣಿ ಇಂಥವನ್ನೆಲ್ಲ ನೋಟಿಸ್ ಇಲ್ಲದೆಯೇ ತೆಗೆಸುವ ಅಧಿಕಾರವನ್ನು 288-ಡಿ ಕಲಂ ಆಯುಕ್ತರಿಗೆ ಕೊಟ್ಟಿದೆ. ಕಟ್ಟಡ ಒಡೆಯುವುದಾದರೆ ನೋಟಿಸು, ವಿಚಾರಣೆ ಎಲ್ಲ ಇರುತ್ತದೆ. ಫುಟ್‌ಪಾತಿನ ಮೇಲಿನ ಬೋರ್ಡಿಗೆ ಅದೆಲ್ಲ ಇಲ್ಲ. ಗಾಡಿ ಬಂದದ್ದು ಕಾಯ್ದೆ ಪ್ರಕಾರವೇ.

ಹಾಗಾದರೆ ಬೋರ್ಡನ್ನೇ ಇಡಬಾರದೇ? ಇಡಬಹುದು. ನೀವು ಬೋರ್ಡಿನ ಬಗ್ಗೆ ಕೇಳಿದ್ದೀರಿ. ನಾನು ಅದು ನಿಂತ ನೆಲ ಯಾರದು ಎಂದು ಕೇಳುತ್ತೇನೆ. ಎಲ್ಲ ಇರುವುದು ಅಲ್ಲಿ.

ಅದೇ ಬೋರ್ಡು ನಿಮ್ಮ ಖಾನಾವಳಿಯ ಕಟ್ಟೆಯ ಮೇಲೆ, ನಿಮ್ಮ ಹದ್ದಿನೊಳಗೆ ಇದ್ದರೆ ಮಾತು ಹಗುರ. ಆ ಕಟ್ಟಡದಲ್ಲೇ ನಡೆಯುವ ವ್ಯಾಪಾರವನ್ನು ಅದೇ ಕಟ್ಟಡದ ಮೇಲೆ ಸಾರುವ ಬೋರ್ಡಿಗೆ 134ನೇ ಕಲಂ ತೆರಿಗೆ ಬಿಟ್ಟಿದೆ. ಅದನ್ನು ಹತ್ತು ಹೆಜ್ಜೆ ಆಚೆ ತಿರುವಿಗೆ ಒಯ್ದರೆ ಆ ಮಾಫಿ ಅಲ್ಲಿಗೆ ಮುಗಿಯಿತು. ಅಲ್ಲಿ ನಿಮ್ಮ ವ್ಯಾಪಾರ ನಡೆಯುತ್ತಿಲ್ಲವಲ್ಲ. ಅಂಗಡಿ ಮುಂದಿನ ಫುಟ್‌ಪಾತೂ ಅಂಗಡಿಯವರದಲ್ಲ. ಬಾಡಿಗೆ ಕರಾರು ಮಾಡುವಾಗ ಮಾಲಕರು ‘ಮುಂದಿನ ಜಾಗಾನೂ ನಿಮ್ದೇ’ ಅಂದಿದ್ದರೂ ಅಲ್ಲ.

ಫುಟ್‌ಪಾತಿನ ವಿಷಯದಲ್ಲಿ ನಾನು ಪಾದಚಾರಿಗಳ ಕಡೆ, ಮುಚ್ಚಿಡುವುದೇನಿಲ್ಲ. ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಬೇಕು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಮ್ಮ ಪೇಟೆಗಳಲ್ಲಿ ಅಷ್ಟು ಅಗಲದ ಫುಟ್‌ಪಾತು ಎಲ್ಲಿದೆ? ಇದ್ದಲ್ಲಿ ಬೈಕು, ಅದರ ಪಕ್ಕ ಜನರೇಟರ್, ಅದರ ಮುಂದೆ ಸ್ಟ್ಯಾಂಡ್ ಬೋರ್ಡು. ಚಿಗರಿ ಬಸ್ಸು ಇಳಿದು ಬರುವ ಅಜ್ಜಿ ರಸ್ತೆಗೇ ಇಳಿಯಬೇಕು. ಕಣ್ಣು ಕಾಣದವರ ಕೋಲಿಗೆ ಸ್ಟ್ಯಾಂಡಿನ ಕಾಲು ಸಿಗುತ್ತದೆ, ಮೇಲಿನ ಚೌಕಟ್ಟಿನ ಮೂಲೆ ಹಣೆಗೆ ಸಿಗುತ್ತದೆ. ಮುಂಗಾರು ಪೂರ್ವದ ಗಾಳಿ ಎದ್ದರಂತೂ ಈ ಕಬ್ಬಿಣದ ಚೌಕಟ್ಟುಗಳು ಎಲ್ಲಿಗೆ ಹಾರುತ್ತವೋ ಹೇಳಲಾಗದು. ಅದಕ್ಕೆಂದು ಕರೆಂಟ್ ಕಂಬಕ್ಕೆ ತಂತಿಯಿಂದ ಬಿಗಿಯುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ.

ನಿಮಗೆ ಬೇಕಾಗಿರುವುದು ತಿರುವಿನಲ್ಲಿ ಒಂದು ಬಾಣ, ಅಷ್ಟೇ ಅಲ್ವಾ? ತಿರುವಿನ ಮನೆಯವರ ಕಂಪೌಂಡ್ ಗೋಡೆಗೆ, ಹೊರಗೆ ಚಾಚದ ಹಾಗೆ, ಒಂದು ಸಣ್ಣ ತಗಡಿನ ಬೋರ್ಡು ಹಾಕಿಸಬಹುದು. ಮನೆಯವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ. ಸುಮ್ನೆ ಔಪಚಾರಿಕತೆಗೆ ಹೇಳುತ್ತಿಲ್ಲ. ಅನುಮತಿ ಇಲ್ಲದ ಜಾಹೀರಾತಿಗೆ ಆ ಜಾಗದ ಮಾಲಕರು ಅಥವಾ ಅಲ್ಲಿ ವಾಸ ಇರುವವರನ್ನೇ 137ನೇ ಕಲಂ ಹೊಣೆ ಮಾಡುತ್ತದೆ. ತಮಗೆ ಗೊತ್ತಿಲ್ಲದೆ ಬೇರೆಯವರು ಹಾಕಿದ್ದು ಎಂದು ಅವರೇ ತೋರಿಸಿಕೊಡಬೇಕು. ನಿಮಗೆ ಉಪಕಾರ ಮಾಡಿದವರ ಬಾಗಿಲಿಗೆ ಪಾಲಿಕೆ ಕಾಗದ ಬರುವುದು ಬೇಡ. ಒಪ್ಪಿಗೆ ಪತ್ರ, ವ್ಯಾಪಾರ ಪರವಾನಗಿಯ ಜೆರಾಕ್ಸ್, ಬೋರ್ಡಿನ ಉದ್ದ-ಅಗಲ, ಜಾಗದ ಫೋಟೊ, ಕೈಯಲ್ಲಿ ಬರೆದ ನಕ್ಷೆಯಾದರೂ ಸರಿ, ಇಷ್ಟನ್ನು ಸೇರಿಸಿ ನಿಮ್ಮ ವಲಯ ಕಚೇರಿಯಲ್ಲಿ ಆಯುಕ್ತರ ಹೆಸರಿಗೆ ಅರ್ಜಿ ಕೊಡಿ. ಸ್ವೀಕೃತಿ ಇಲ್ಲದೆ ಹೊರಗೆ ಬರಬೇಡಿ. ಶುಲ್ಕ ಎಷ್ಟೆಂದು ಕೌಂಟರಿನಲ್ಲಿ ಬಾಯಲ್ಲಿ ಕೇಳಬೇಡಿ, ದರಪಟ್ಟಿ ತೋರಿಸಿ ಎನ್ನಿ. ಕಟ್ಟಿದ್ದಕ್ಕೆ ರಸೀದಿ ತಗೊಳ್ಳಿ.

ಜಿಎಸ್‌ಟಿ ಬಂದ ಮೇಲೆ ಪಾಲಿಕೆಗೆ ಏನೂ ಕಟ್ಟಬೇಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ವಾದ ನಮ್ಮ ಅವಳಿ ನಗರದ ಜಾಹೀರಾತುದಾರರ ಸಂಘದಿಂದಲೇ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿತ್ತು. ಜಿಎಸ್‌ಟಿ ಬೇರೆ, ಪಾಲಿಕೆಗೆ ಕಟ್ಟುವ ಜಾಹೀರಾತು ಶುಲ್ಕ ಬೇರೆ ಎಂದು 2022ರಲ್ಲಿ ಪೀಠ ಹೇಳಿತು.

ಹೊಸ ಬೋರ್ಡನ್ನು ಫ್ಲೆಕ್ಸಿನಲ್ಲಿ ಮಾಡಿಸಬೇಡಿ. ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರುಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದೆ. ಅದರ ಮೇಲೆ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರಿಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ ಇದೆ. ಪೇಂಟರ್ ಕೈಯಲ್ಲಿ ಬರೆಸಿದ ತಗಡು ಬಿಸಿಲಿಗೂ ಜಾಸ್ತಿ ತಾಳುತ್ತದೆ. ಖಾನಾವಳಿಯ ಹೆಸರಿನ ಬೋರ್ಡಿನಲ್ಲಿ ಕನ್ನಡ ಶೇ 60ರಷ್ಟು ಇರಬೇಕು, ಮೇಲ್ಭಾಗದಲ್ಲಿ ಇರಬೇಕು. ನಿಮ್ಮದು ಪೂರ್ತಿ ಕನ್ನಡವೇ ಇರುವುದರಿಂದ ಆ ಚಿಂತೆ ಇಲ್ಲ. ಅನುಮತಿ ಸಿಕ್ಕ ಮೇಲೆ ಬೋರ್ಡನ್ನು ದೊಡ್ಡದು ಮಾಡಿದರೆ, ಪಕ್ಕಕ್ಕೊಂದು ತುಂಡು ಸೇರಿಸಿದರೆ ಆ ಅನುಮತಿ ರದ್ದಾಗುತ್ತದೆ. ಮತ್ತೆ ಮೊದಲಿನಿಂದ ಅರ್ಜಿ.

ಇನ್ನು ಹುಟ್ಟುಹಬ್ಬದ ಫ್ಲೆಕ್ಸು. ನೀವು ಕೇಳಿದ್ದು ನ್ಯಾಯವಾಗಿದೆ. ಸಾರ್ವಜನಿಕ ಸಭೆಯ ಜಾಹೀರಾತಿಗೆ, ಚುನಾವಣೆಯದಕ್ಕೆ 134ನೇ ಕಲಂ ತೆರಿಗೆ ಬಿಟ್ಟಿದೆ. ಹುಟ್ಟುಹಬ್ಬಕ್ಕೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ತೆರೆದ ಜಾಗಗಳ ಅಂದಗೆಡಿಸುವುದನ್ನು ತಡೆಯಲು 1981ರಿಂದಲೇ ಒಂದು ಕಾಯ್ದೆ ಇದೆ, ಹುಬ್ಬಳ್ಳಿ-ಧಾರವಾಡಕ್ಕೂ ಅದು ಅನ್ವಯಿಸುತ್ತದೆ. 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಂದಿನ ಲೆಕ್ಕಕ್ಕೆ 1,000 ರೂಪಾಯಿ ಒಂದು ದೊಡ್ಡ ಫ್ಲೆಕ್ಸು ಮಾಡಿಸುವ ಖರ್ಚೂ ಅಲ್ಲ. ಯಾರು ಹೆದರುತ್ತಾರೆ? ಸಣ್ಣವರ ಬೋರ್ಡು ಒಬ್ಬರೇ ಎತ್ತಬಹುದು, ದೊಡ್ಡವರ ಕಟೌಟಿಗೆ ಏಣಿ ಬೇಕು, ಧೈರ್ಯವೂ ಬೇಕು. ಆದರೆ ಅವರದು ನಿಂತಿದೆ ಎಂದು ನಿಮ್ಮದಕ್ಕೆ ಹಕ್ಕು ಬರುವುದಿಲ್ಲ. ಫೋಟೊ, ತಾರೀಖು, ಜಾಗದ ಗುರುತು ಹಾಕಿ ಅದೇ ವಲಯ ಕಚೇರಿಗೆ ಲಿಖಿತ ದೂರು ಕೊಡಿ. ಅದಕ್ಕೂ ಸ್ವೀಕೃತಿ ತಗೊಳ್ಳಿ. ಸ್ವೀಕೃತಿ ಕೈಯಲ್ಲಿದ್ದರೆ ಮುಂದೆ ಮಾಹಿತಿ ಹಕ್ಕಿನಲ್ಲಿ ‘ನನ್ನ ದೂರಿನ ಮೇಲೆ ಏನು ಕ್ರಮ ತಗೊಂಡಿರಿ’ ಎಂದು ಕೇಳಲು ದಾರಿ ಇರುತ್ತದೆ.

ತಮ್ಮನಿಗೆ ಹೇಳಿ: ಗದಗ-ಬೆಟಗೇರಿಯಲ್ಲಿ ಇರುವುದು ಮಹಾನಗರ ಪಾಲಿಕೆಯಲ್ಲ, ನಗರಸಭೆ. ಹಾವೇರಿಯಲ್ಲೂ ಹಾಗೆಯೇ. ಅಲ್ಲಿಗೆ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಮೇಲೆ ಹೇಳಿದ ಕಲಂ ಸಂಖ್ಯೆಗಳನ್ನು ಅಲ್ಲಿನ ಅರ್ಜಿಯಲ್ಲಿ ಬರೆಯುವುದು ಬೇಡ. ಅರ್ಜಿ ಪೌರಾಯುಕ್ತರ ಹೆಸರಿಗೆ ಇರಲಿ. ಮೊಬೈಲ್ ಕಂಪನಿಯವರು ಬಿಟ್ಟಿಯಾಗಿ ಕೊಡುವ ಸ್ಟ್ಯಾಂಡಿಗಳನ್ನು ಅಂಗಡಿಯೊಳಗೇ ಇಟ್ಟುಕೊಳ್ಳಲಿ. ಹೊರಗಿಟ್ಟರೆ ಕೇಳುವುದು ಕಂಪನಿಯನ್ನಲ್ಲ, ಅವನನ್ನು.