ಬೇಗ ಮುಗಿಸಿದರೆ ಇನ್ನೂ ಹತ್ತು ಲೆಕ್ಕ

ಏಳನೇ ತರಗತಿಯ ಹುಡುಗಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗಣಿತದಲ್ಲಿ ಮುಂದಿದ್ದವಳು ಈಗ ಕ್ಲಾಸ್‌ವರ್ಕ್ ಮುಗಿಸುವುದೇ ಇಲ್ಲ, ಕಲಿಕೆಯಲ್ಲಿ ಏನಾದರೂ ತೊಂದರೆ ಇದೆಯಾ ನೋಡಿ ಎಂದು ಶಾಲೆಯವರು ನನ್ನ ಬಳಿ ಕಳಿಸಿದ್ದರು. ಇಂಥ ದೂರು ಮತ್ತೆ ಮತ್ತೆ ಬರುತ್ತದೆ. ಗಲಾಟೆ ಮಾಡುವ ಜಾಣರು ಬೇಗ ಕಣ್ಣಿಗೆ ಬೀಳುತ್ತಾರೆ, ಇವಳಂತೆ ಸುಮ್ಮನಿರುವವರು ಬೀಳುವುದಿಲ್ಲ.

ಎರಡನೇ ಭೇಟಿಗೆ ನೋಟ್‌ಬುಕ್ ತರಿಸಿದೆ. ಭಿನ್ನರಾಶಿಗಳ ಭಾಗಾಕಾರ, ಇಪ್ಪತ್ತು ಲೆಕ್ಕ. ಮೊದಲ ನಾಲ್ಕಕ್ಕೆ ಹಂತಗಳೇ ಇಲ್ಲ, ನೇರ ಉತ್ತರ, ಎಲ್ಲವೂ ಸರಿ. ಐದನೆಯದರಿಂದ ಅಕ್ಷರ ದೊಡ್ಡದಾಗಿದೆ, ಒಂದೊಂದು ಹಂತವನ್ನೂ ಅಳಿಸಿ ಮತ್ತೆ ಬರೆದಿದ್ದಾಳೆ. ಒಂಬತ್ತಕ್ಕೆ ನಿಂತಿದೆ. ಯಾಕಮ್ಮ ಎಂದೆ.

“ಬೇಗ ಮುಗಿಸಿದ್ರೆ ಮಿಸ್ ಇನ್ನೂ ಹತ್ತು ಲೆಕ್ಕ ಕೊಡ್ತಾರೆ ಮೇಡಂ. ಇಲ್ಲಾಂದ್ರೆ ಹಿಂದಿನ ಬೆಂಚಿನವರಿಗೆ ಹೇಳ್ಕೊಡು ಅಂತಾರೆ. ಬೆಲ್ ಹೊಡಿಯೋ ತನಕ ಎಳೆದ್ರೆ ಏನೂ ಇಲ್ಲ.”

ತೊಂದರೆ ಇದ್ದದ್ದು ಹುಡುಗಿಯಲ್ಲಲ್ಲ, ಕ್ಲಾಸ್‌ವರ್ಕಿನ ಲೆಕ್ಕಾಚಾರದಲ್ಲಿ. ಹಾಗಾಗಿ ಸಲಹೆ ಹೋದದ್ದು ಟೀಚರಿಗೆ.

ಅಭ್ಯಾಸದ ಇಪ್ಪತ್ತರಲ್ಲಿ ಅತಿ ಕಷ್ಟದ ಐದಕ್ಕೆ ಗುರುತು ಹಾಕಿ. ಯಾರು ಬೇಕಾದರೂ ಮೊದಲು ಅವನ್ನೇ ಮಾಡಬಹುದು. ಹದಿನೈದು ನಿಮಿಷದಲ್ಲಿ, ಯಾರನ್ನೂ ಕೇಳದೆ, ಹಂತಗಳ ಸಮೇತ ನಾಲ್ಕು ಸರಿಯಾದರೆ ಉಳಿದದ್ದು ಮಾಫಿ, ಪೂರ್ತಿ ಅಂಕ. ಮೂರೇ ಸರಿಯಾದರೆ ಎಲ್ಲರಂತೆ ಇಪ್ಪತ್ತೂ ಮಾಡಬೇಕು. ಇದು ಇಡೀ ತರಗತಿಗೆ ಇರಲಿ, ಅವಳೊಬ್ಬಳಿಗೇ ಎಂದರೆ ಉಳಿದ ಮಕ್ಕಳು ಅವಳನ್ನು ದೂರ ಮಾಡುತ್ತಾರೆ.

ಉಳಿದ ಸಮಯಕ್ಕೆ ಬೇರೆ ಬಗೆಯ ಕೆಲಸ ಬೇಕು. ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ ಡಿ. ಆರ್. ಕಾಪ್ರೇಕರ್ ಕಂಡುಕೊಂಡ 6174ರ ಆಟ ಸಾಕು. ನಾಲ್ಕೂ ಅಂಕಿ ಒಂದೇ ಆಗಿರದ ಸಂಖ್ಯೆ ತೆಗೆದುಕೊಂಡು, ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು ಏರಿಕೆ ಕ್ರಮದ್ದನ್ನು ಕಳೆದು, ಬಂದ ಉತ್ತರಕ್ಕೂ ಹಾಗೇ ಮಾಡುತ್ತಾ ಹೋಗುವುದು. 3524 ಹಿಡಿದರೆ 3087, 8352, 6174. ಏಳು ಸಲದೊಳಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮಕ್ಕಳು ಎಡವುವುದು ಸೊನ್ನೆಯಲ್ಲಿ: 2111ರಿಂದ 999 ಬಂದಾಗ ಅದನ್ನು 0999 ಎಂದೇ ಬರೆಯಬೇಕು, ಮರೆತರೆ ಮುಂದಿನ ಉತ್ತರ ಸೊನ್ನೆಯಾಗಿ ಆಟ ಮುಗಿಯುತ್ತದೆ. ಮೂರು ಅಂಕಿಗೆ ಏನಾಗುತ್ತದೆ, ಯಾಕೆ ಎಂಬುದನ್ನು ಅವಳೇ ಹುಡುಕಲಿ. ಇದಕ್ಕೆ ಅಂಕ ಬೇಡ. ಅಂಕ ಇಟ್ಟ ಕೂಡಲೇ ಇದೂ ಹನ್ನೊಂದನೇ ಲೆಕ್ಕವಾಗುತ್ತದೆ.

“ಹೇಳಿಕೊಟ್ಟರೆ ಅವಳಿಗೂ ಗಟ್ಟಿಯಾಗುತ್ತದಲ್ಲ?” ಎಂದು ಟೀಚರ್ ಕೇಳಿದರು. ಅವಳಿಗೇ ಇಷ್ಟವಿದ್ದು ಯಾವಾಗಲೋ ಒಮ್ಮೆ ಮಾಡಿದರೆ ಸರಿ. ದಿನವೂ ಆದರೆ, ಅವಳು ಶಾಲೆಗೆ ಬಂದು ಹೊಸದೇನೂ ಕಲಿಯದೆ ಮನೆಗೆ ಹೋಗುತ್ತಾಳೆ. ನಲವತ್ತು ಮಕ್ಕಳ ತರಗತಿಯಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ ಎಂಬುದು ನಿಜ. ಅದಕ್ಕೇ ವಾರಕ್ಕೆ ಎರಡು ಪೀರಿಯಡ್‌ನಿಂದ ಶುರು ಮಾಡಿ ಎಂದದ್ದು.

ತಾಯಿಗೆ ಒಂದು ತರಗತಿ ಹಾರಿಸುವ ಆಸೆಯಿತ್ತು. ಈಗಲೇ ಬೇಡ ಎಂದೆ. ಪ್ರತಿ ಹೊಸ ಪಾಠಕ್ಕೆ ಮುಂಚೆಯೇ ಆ ಪಾಠದ ಘಟಕ ಪರೀಕ್ಷೆ ಕೊಟ್ಟು ನೋಡಲಿ, ಗಣಿತದಲ್ಲಷ್ಟೇ ಅಲ್ಲ, ಉಳಿದ ವಿಷಯಗಳಲ್ಲೂ. ಮೂರು ತಿಂಗಳ ಆ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಮಾತಾಡೋಣ ಎಂದಾಗಿದೆ.