ಕೂರುವುದು ತಡವಾದರೆ ಬುದ್ಧಿ ಮಂದವೇ?

ಜಗಳೂರು ತಾಲ್ಲೂಕಿನ ಓದುಗರಿಗೆ,

ಪಿತ್ತನಾಳ ಮುಚ್ಚಿಹೋಗಿ ಲಿವರ್ ಕೆಟ್ಟಿರುವ ನಿಮ್ಮ ಮೊಮ್ಮಗ ಹನ್ನೊಂದು ತಿಂಗಳಾದರೂ ಆಸರೆಯಿಲ್ಲದೆ ಕೂರುತ್ತಿಲ್ಲವೆಂದೂ, ಬುದ್ಧಿಯೂ ಮಂದವಿರಬೇಕೆಂದು ನೆಂಟರು ಆಡಿಕೊಳ್ಳುತ್ತಿದ್ದಾರೆಂದೂ ಬರೆದು, ಲಿವರ್ ಕಸಿಯಾಗುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಕಾಯಬೇಡಿ.

ಇಂತಹ ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ಹಿಂದೆ ಬೀಳುವುದು ಮೈಯ ಚಲನೆ. ಲಿವರ್ ಮತ್ತು ಗುಲ್ಮ (ಸ್ಪ್ಲೀನ್) ದೊಡ್ಡದಾಗಿ, ಕೆಲವೊಮ್ಮೆ ನೀರೂ ತುಂಬಿ ಹೊಟ್ಟೆ ಉಬ್ಬಿರುವಾಗ ಮಗುವಿಗೆ ಬೋರಲು ಮಲಗುವುದೇ ಹಿಂಸೆ. ಬೋರಲು ಮಲಗದಿದ್ದರೆ ಕತ್ತು, ಬೆನ್ನು, ತೋಳುಗಳಿಗೆ ಬಲ ಬರುವುದು ನಿಧಾನ. ಮೇಲಾಗಿ ಆಸ್ಪತ್ರೆವಾಸದಲ್ಲಿ ನೆಲದ ಮೇಲೆ ಉರುಳಾಡುವ ಅವಕಾಶವೂ ಕಡಿಮೆ. ತೊಡೆಯ ಮೇಲಿದ್ದವನು ಚಮಚ ಬೀಳಿಸಿ, ಅದೆಲ್ಲಿ ಹೋಯಿತೆಂದು ಬಗ್ಗಿ ಹುಡುಕುತ್ತಾನೆಂದು ನೀವೇ ಬರೆದಿದ್ದೀರಿ. ಕಣ್ಣಿಗೆ ಮರೆಯಾದ ವಸ್ತು ಎಲ್ಲೋ ಇದೆಯೆಂದು ಬಲ್ಲ ಮಗುವನ್ನು ಮಂದಬುದ್ಧಿಯೆನ್ನಲು ನೆಂಟರಿಗೆ ಯಾವ ಆಧಾರವೂ ಇಲ್ಲ.

ಹಾಗೆಂದು ಮಿದುಳಿಗೆ ಅಪಾಯವೇ ಇಲ್ಲವೆನ್ನಲಾಗದು. ಪಿತ್ತರಸ ಕರುಳಿಗಿಳಿಯದಿದ್ದರೆ ಕೊಬ್ಬು ಮೈಗೆ ಹತ್ತುವುದಿಲ್ಲ, ಅದರೊಂದಿಗೆ ಎ, ಡಿ, ಇ, ಕೆ ಜೀವಸತ್ವಗಳೂ ಹತ್ತುವುದಿಲ್ಲ. ಇ ಜೀವಸತ್ವದ ಕೊರತೆ ಬಹುಕಾಲ ಉಳಿದರೆ ನರಗಳು ಸೊರಗಿ ನಡಿಗೆಯ ಸಮತೋಲ ಕೆಡುತ್ತದೆ. ತಡವಾದಷ್ಟೂ ಅದು ಸರಿಹೋಗುವ ಸಾಧ್ಯತೆ ಕಡಿಮೆ. ಗಂಜಿಗೆ ಬೆಣ್ಣೆ ಹಾಕುತ್ತಿರುವುದಾಗಿ ತಿಳಿಸಿದ್ದೀರಿ. ದಾವಣಗೆರೆ ಸೀಮೆಯಲ್ಲಿ ಬೆಣ್ಣೆ ಬೇಡವೆಂದರೆ ಯಾರೂ ಒಪ್ಪಲಾರರು, ಆದರೆ ಅದು ಜೀರ್ಣವಾಗಲು ಪಿತ್ತರಸ ಬೇಕೇಬೇಕು. ಪಿತ್ತರಸದ ನೆರವಿಲ್ಲದೆಯೂ ಮೈಗೆ ಹತ್ತುವ ಎಂಸಿಟಿ ಎಣ್ಣೆಯನ್ನು ಎಷ್ಟು ಕೊಡಬೇಕೆಂದು ವೈದ್ಯರನ್ನೇ ಕೇಳಿ. ತೂಕ ಏರಿತೆಂದು ನೆಮ್ಮದಿಯಾಗಿರಬೇಡಿ. ಹೊಟ್ಟೆಯ ನೀರೂ ತೂಕಕ್ಕೆ ಸೇರುತ್ತದೆ. ಆದ್ದರಿಂದ ತೋಳಿನ ಸುತ್ತಳತೆಯನ್ನೂ ಅಳೆಸಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನು ರೂಪಿಸಲಾಗಿದೆ. ಅಂಗನವಾಡಿ ಕಾರ್ಯಕರ್ತೆಯ ಮೂಲಕ ವಿಚಾರಿಸಿ, ಫಿಜಿಯೋಥೆರಪಿಯನ್ನು ಈಗಲೇ ಶುರುಮಾಡಿಸಿ. ಹೊಟ್ಟೆಗೆ ಒತ್ತಡ ಬೀಳದಂತೆ ಓರೆಯಾಗಿ ಎದೆಗೊರಗಿಸಿಕೊಂಡು ಕತ್ತೆತ್ತಿಸುವ ಬಗೆಯನ್ನು ಫಿಜಿಯೋಥೆರಪಿಸ್ಟ್ ತೋರಿಸಿಕೊಡಬಲ್ಲರು. ಕಸಿಯ ನಂತರ ಎಷ್ಟೋ ಮಕ್ಕಳು ಓಡಾಡಿಕೊಂಡು ಶಾಲೆಗೆ ಹೋಗುತ್ತಾರೆ. ಕೆಲವರಲ್ಲಿ ಗಮನ, ಲೆಕ್ಕ, ಭಾಷೆಯ ತೊಡಕು ಉಳಿಯುವುದರಿಂದ ಶಾಲೆಗೆ ಸೇರಿಸುವ ಮುನ್ನ ಮತ್ತೊಮ್ಮೆ ಪರೀಕ್ಷಿಸಬೇಕು.

ಮಗು ಹಗಲೆಲ್ಲ ಮಂಪರಿನಲ್ಲಿದ್ದು ರಾತ್ರಿ ಎಚ್ಚರವಾಗಿದ್ದರೆ, ಕಾರಣವಿಲ್ಲದೆ ರಚ್ಚೆ ಹಿಡಿದರೆ, ರಕ್ತದಲ್ಲಿ ಅಮೋನಿಯಾ ಏರಿ ಮಿದುಳನ್ನು ಬಾಧಿಸುತ್ತಿರಬಹುದು. ಆಗ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ, ನಾಟಿ ಔಷಧಿಗೂ ಹೋಗದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

— ಸಂಪಾದಕರು